ಬಾಗಿಲಲ್ಲಿ ಎಷ್ಟು ಜನ?

ಸಾಂತಾಕ್ರೂಜ್ ಪೂರ್ವದ ಹಳೆಯ ಕಟ್ಟಡವೊಂದರಲ್ಲಿ ಕೊರಿಯರ್ ಹುಡುಗಿಯೊಬ್ಬಳು ಮೂರು ಮನೆಗಳ ಬಾಗಿಲು ತಟ್ಟಿದಳು ಎನ್ನಿ. ಕನ್ನಡದ ಮನೆಯೊಳಗೆ ‘ಯಾರೋ ಬಂದಿದ್ದಾರೆ’ ಎನ್ನುತ್ತಾರೆ. ಮರಾಠಿ ಮನೆಯಲ್ಲಿ ‘ಕೋಣೀತರಿ ಆಲಂಯ್’, ಹಿಂದಿಯವರಲ್ಲಿ ‘ಕೋಯೀ ಆಯಾ ಹೈ’. ನಿಂತಿರುವವಳು ಒಬ್ಬಳೇ. ಕನ್ನಡ ಅವಳನ್ನು ಬಹುವಚನ ಮಾಡಿತು, ಮರಾಠಿ ನಪುಂಸಕಲಿಂಗಕ್ಕೆ ಸೇರಿಸಿತು, ಹಿಂದಿ ಕದ ತೆಗೆಯುವ ಮೊದಲೇ ಪುಲ್ಲಿಂಗ ಹಚ್ಚಿತು.

ಆ ಕನ್ನಡದ ಮನೆಯ ಮಗು ಶಾಲೆಯಲ್ಲಿ ‘ಎವ್ರಿಒನ್ ಹ್ಯಾವ್ ಕಮ್’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ. ಬೀಳಲಿ. ‘ಒನ್’ ಆ ಪದದ ಬಾಲದಲ್ಲೇ ಕೂತಿದೆ, ಕ್ರಿಯಾಪದ ‘ಹ್ಯಾಸ್’ ಆಗಲೇಬೇಕು. ಆದರೆ ಅದನ್ನು ದಡ್ಡತನ ಎನ್ನುವುದು ಅನ್ಯಾಯ. ‘ಯಾರೋ’, ‘ಯಾರಾದರೂ’, ‘ಎಲ್ಲರೂ’, ‘ಪ್ರತಿಯೊಬ್ಬರೂ’ ಬಂದಲ್ಲಿ ಕನ್ನಡದ ಕ್ರಿಯಾಪದ ಬಹುವಚನಕ್ಕೇ ಹೊರಳುತ್ತದೆ. ಗುರುತಿಲ್ಲದವರು ಗಂಡೋ ಹೆಣ್ಣೋ ಎಂಬ ಪೇಚಿನಿಂದ ಪಾರಾಗುವ ದಾರಿ ಅದು. (‘ಯಾರೂ ಬಂದಿಲ್ಲ’ ಎನ್ನುವಾಗ ಮಾತ್ರ ಲಿಂಗ, ವಚನ ಎರಡರ ಗೊಡವೆಯೂ ಇಲ್ಲ. ‘ನೋಬಡಿ’ಯ ಮುಂದೆ ಮಗು ತಡವರಿಸುವುದು ಅದಕ್ಕೇ ಇರಬೇಕು.)

ಇಂಗ್ಲಿಷೇನೂ ಕಮ್ಮಿಯಿಲ್ಲ. ‘ಎವ್ರಿಒನ್ ಹ್ಯಾಸ್ ಬ್ರಾಟ್ ದೇರ್ ಅಂಬ್ರೆಲಾ’ ಎಂಬಲ್ಲಿ ಕ್ರಿಯಾಪದ ಏಕವಚನ, ಎರಡು ಹೆಜ್ಜೆ ಮುಂದೆ ಕೊಡೆಯ ಒಡೆಯರು ಬಹುವಚನ. ಒಬ್ಬರಿಗೇ ‘ದೇ’ ಎನ್ನುವ ಈ ರೂಢಿ 14ನೇ ಶತಮಾನದಿಂದ ಇದೆ. ಅಲ್ಲಿಯೂ ಅದೇ ಪೇಚು.

ಮುಂಬಯಿಯ ಕನ್ನಡ ಮಕ್ಕಳಿಗೆ ಈ ಪಾಠ ‘ಯಾರೋ ಬಂದಿದ್ದಾರೆ’ಯಿಂದಲೇ ಶುರುವಾಗಬೇಕು. ಮೂರು ಬಾಗಿಲುಗಳ ವ್ಯಾಕರಣ ಆಗಲೇ ಕಿವಿಯಲ್ಲಿರುವ ಮಗುವಿಗೆ ನಾಲ್ಕನೆಯದು ಎಷ್ಟರ ಮಾತು?