ಮಾತ್ರೆ ಉಚಿತವಾಯಿತು, ಹಕ್ಕು ಯಾವಾಗ?

ಡಿಸೆಂಬರ್ 1 ಬಂತೆಂದರೆ ಜಿಲ್ಲಾ ಕೇಂದ್ರಗಳಲ್ಲಿ ಒಂದು ಜಾಥಾ ಹೊರಡುತ್ತದೆ. ನರ್ಸಿಂಗ್ ವಿದ್ಯಾರ್ಥಿನಿಯರು ಎದೆಗೆ ಕೆಂಪು ರಿಬ್ಬನ್ ಸಿಕ್ಕಿಸಿಕೊಂಡು, ಫಲಕ ಹಿಡಿದು ನಡೆಯುತ್ತಾರೆ. ಅಧಿಕಾರಿಗಳು ಭಾಷಣ ಮಾಡುತ್ತಾರೆ. ಮರುದಿನ ಪತ್ರಿಕೆಯ ಒಳಪುಟದಲ್ಲೊಂದು ಚಿತ್ರ ಬರುತ್ತದೆ. 1988ರಿಂದ ಜಗತ್ತಿನಾದ್ಯಂತ ನಡೆದು ಬಂದಿರುವ ಈ ಆಚರಣೆಯನ್ನು ನಮ್ಮ ಸಮುದಾಯವು ರಸ್ತೆಯ ಬದಿಯಲ್ಲಿ ನಿಂತು ನೋಡಿದ್ದೇ ಹೆಚ್ಚು. ವ್ಯಭಿಚಾರವನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ ಧರ್ಮದ ಅನುಯಾಯಿಗಳಿಗೆ ಎಚ್‌ಐವಿಯ ಗೊಡವೆ ಏಕೆ ಎಂಬ ನಿರಾಳತೆ ಅದಕ್ಕೆ ಕಾರಣ. ಆದರೆ ಈ ನಿರಾಳತೆಗೆ ಆಧಾರವಿದೆಯೇ?

ದೇಶದಲ್ಲಿ ಇಂದು ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಶೇ. 44ರ ಆಸುಪಾಸು ಮಹಿಳೆಯರು. ಸೋಂಕಿತರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳೊಂದಿಗೆ ಕರ್ನಾಟಕವೂ ಮುಂಚೂಣಿಯಲ್ಲಿದೆ. ಈ ಮಹಿಳೆಯರು ಯಾರು? ಚೆನ್ನೈಯ ಚಿಕಿತ್ಸಾಲಯವೊಂದಕ್ಕೆ ಬಂದ 134 ಸೋಂಕಿತ ಮಹಿಳೆಯರ ಬಗ್ಗೆ 2000ದಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಶೇ. 81ರಷ್ಟು ಮಂದಿ ಗೃಹಿಣಿಯರಾಗಿದ್ದರು. ಶೇ. 88ರಷ್ಟು ಮಂದಿ ಬದುಕಿನಲ್ಲಿ ಒಬ್ಬನೇ ಪುರುಷನನ್ನು ಕಂಡವರಾಗಿದ್ದರು. ಅಂದರೆ ಯಾವ ಗಡಿಯನ್ನೂ ದಾಟದ ಹೆಣ್ಣಿಗೆ ಈ ಸೋಂಕು ವಿವಾಹದ ಚೌಕಟ್ಟಿನೊಳಗೇ ತಲುಪಿದೆ. ಪರಿಶುದ್ಧೆಯಾಗಿ ಬದುಕಿದ್ದೂ ಅವಳನ್ನು ಕಾಪಾಡಲಿಲ್ಲ. ಹೀಗಿರುವಾಗ 'ಇದು ನಮ್ಮ ಸಮಸ್ಯೆಯಲ್ಲ' ಎಂದು ಹೇಳಲು ನಮಗೆ ಯಾವ ಮುಖವಿದೆ? ಇನ್ನು ಸೋಂಕು ಬಂದ ದಾರಿ ಯಾವುದೇ ಆಗಿರಲಿ, ರೋಗಿಯನ್ನು ರೋಗಿಯಾಗಿ ಕಾಣಬೇಕೇ ಹೊರತು ಅಪರಾಧಿಯಾಗಿ ಅಲ್ಲ. ತೀರ್ಪು ಕೊಡುವ ಕೆಲಸವನ್ನು ಅಲ್ಲಾಹನು ನಮಗೆ ವಹಿಸಿಲ್ಲ.

ವೈದ್ಯಶಾಸ್ತ್ರ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. 2004ರ ಏಪ್ರಿಲ್‌ನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಮೊದಲು ರೋಗನಿರೋಧಕ ಶಕ್ತಿ ಇಂತಿಷ್ಟು ಕುಸಿದ ಮೇಲೆಯೇ ಔಷಧಿ ಕೊಡುತ್ತಿದ್ದರು. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ ಔಷಧಿ ನೀಡುವ ನೀತಿ ಜಾರಿಗೆ ಬಂತು. ಇಂದು ಹೆಚ್ಚಿನವರಿಗೆ ದಿನಕ್ಕೊಂದು ಮಾತ್ರೆ ಸಾಕು. ಸಕಾಲದಲ್ಲಿ ಔಷಧಿ ಪಡೆದರೆ ಸಂಗಾತಿಗೆ ಸೋಂಕು ಹರಡುವ ಸಾಧ್ಯತೆ ಶೇ. 96ರಷ್ಟು ತಗ್ಗುತ್ತದೆಂದು, ಭಾರತವೂ ಸೇರಿದಂತೆ ಒಂಬತ್ತು ದೇಶಗಳಲ್ಲಿ ನಡೆದ ಅಧ್ಯಯನವೊಂದು 2011ರಲ್ಲಿಯೇ ತೋರಿಸಿಕೊಟ್ಟಿತು. ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದು ಹಾಗೆಯೇ ಉಳಿದರೆ, ದಾಂಪತ್ಯದಲ್ಲಿ ಅದು ಹರಡುವುದಿಲ್ಲವೆಂದು ನಂತರದ ಅಧ್ಯಯನಗಳು ಹೇಳಿವೆ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45ರವರೆಗೆ ಇರುತ್ತದೆ. ಚಿಕಿತ್ಸೆ ಸಿಕ್ಕಿದರೆ ಅದನ್ನು ಶೇ. 5ಕ್ಕಿಂತಲೂ ಕೆಳಗಿಳಿಸಬಹುದು.

ಹಾಗಾದರೆ ಮಹಿಳೆಯ ಆರೋಗ್ಯಕ್ಕೆ ಅಡ್ಡಿಯಾಗಿರುವುದು ಏನು? ಅದನ್ನು ಆಸ್ಪತ್ರೆಯಲ್ಲಿ ಹುಡುಕಿದರೆ ಸಿಗದು, ಮನೆಯಲ್ಲಿ ಹುಡುಕಬೇಕು.

ಗರ್ಭಿಣಿಯಾದಾಗ ಅವಳ ರಕ್ತ ಪರೀಕ್ಷೆ ನಡೆಯುತ್ತದೆ. ಆದ್ದರಿಂದ ಎಷ್ಟೋ ಕುಟುಂಬಗಳಲ್ಲಿ ಸೋಂಕು ಮೊದಲು ಪತ್ತೆಯಾಗುವುದು ಅವಳಲ್ಲಿ. ಮೊದಲು ಪತ್ತೆಯಾದವಳೇ ಸೋಂಕು ತಂದವಳು ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಪತಿ ಹಾಸಿಗೆ ಹಿಡಿದರೆ ಅವನ ಆರೈಕೆ ಅವಳದು. ಚಿಕಿತ್ಸೆಗೆಂದು ಮಾರಾಟವಾಗುವ ಚಿನ್ನವೂ ಅವಳದೇ. ಅವನು ತೀರಿಕೊಂಡರೆ ಇದ್ದತ್ ಮುಗಿಯುವ ಮೊದಲೇ ಅವಳ ತಟ್ಟೆ, ಲೋಟ ಬೇರೆಯಾಗುತ್ತವೆ. ಜೊತೆಯಲ್ಲಿ ಉಣ್ಣುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ಮುಟ್ಟುವುದರಿಂದ ಎಚ್‌ಐವಿ ಹರಡದೆಂದು ದಶಕಗಳಿಂದ ಹೇಳುತ್ತಾ ಬಂದರೂ ಅಡುಗೆಮನೆಯ ಬಾಗಿಲು ಅವಳಿಗೆ ತೆರೆಯುವುದಿಲ್ಲ. ಕೊನೆಗೆ ಮಕ್ಕಳೊಂದಿಗೆ ತವರಿನ ಹಾದಿ. ತವರಿನಲ್ಲಿ ಬೀಡಿ ಕಟ್ಟಿಯೋ ಕಂಡವರ ಮನೆಯ ಪಾತ್ರೆ ತೊಳೆದೋ ಜೀವನ.

ಎಆರ್‌ಟಿ ಕೇಂದ್ರವಿರುವುದು ಹೆಚ್ಚಾಗಿ ಜಿಲ್ಲಾ ಅಥವಾ ತಾಲೂಕು ಆಸ್ಪತ್ರೆಯಲ್ಲಿ. ತಿಂಗಳಿಗೋ ಎರಡು ಮೂರು ತಿಂಗಳಿಗೋ ಒಮ್ಮೆ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಅರ್ಥ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಮಹಿಳೆಗೆ ಟಿಕೆಟಿನ ಖರ್ಚು ತಪ್ಪಿತು, ನಿಜ. ಆದರೆ ಖಾಸಗಿ ಬಸ್ಸುಗಳನ್ನೇ ನಂಬಿರುವ ಕರಾವಳಿಯ ಹಲವು ಊರುಗಳ ಬಡ ಹೆಣ್ಣಿಗೆ ಆ ಲಾಭವೂ ದಕ್ಕುವುದಿಲ್ಲ. ಇನ್ನು ಆಸ್ಪತ್ರೆಯ ಸಾಲಿನಲ್ಲಿ ಪರಿಚಯದವರು ಕಂಡಾರೆಂಬ ಭಯ. ಮನೆಯಲ್ಲಿ ಮಾತ್ರೆಯ ಡಬ್ಬಿ ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯ. ಒಂದು ದಿನ ತಪ್ಪಿದ ಮಾತ್ರೆ ವಾರ ತಪ್ಪುತ್ತದೆ. ಹೀಗೆ ಪದೇ ಪದೇ ತಪ್ಪಿದರೆ ವೈರಾಣು ಔಷಧಿಗೆ ಬಗ್ಗದಂತಾಗುತ್ತದೆ.

ಹಸಿವಿನ ಲೆಕ್ಕ ಬೇರೆಯೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಹೆಣ್ಣಿನ ಮೇಲೆ ಈ ಸೋಂಕೂ ಎರಗಿದರೆ ಏನಾದೀತು? ಸೋಂಕಿತರ ಪಾಲಿಗೆ ದೊಡ್ಡ ಪ್ರಾಣಾಂತಕವಾದ ಕ್ಷಯವು ದುರ್ಬಲ ದೇಹವನ್ನೇ ಹುಡುಕಿಕೊಂಡು ಬರುತ್ತದೆ. ಎಚ್‌ಐವಿ ಇರುವ ಮಹಿಳೆಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಅಪಾಯ ಇತರರಿಗಿಂತ ಆರು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. 25 ವಯಸ್ಸಿನಿಂದಲೇ ಕೆಲವು ವರ್ಷಗಳಿಗೊಮ್ಮೆ ತಪಾಸಣೆ ಮಾಡಿಸಬೇಕೆಂದೂ ಹೇಳಿದೆ. ಆದರೆ ದಿನದ ಅನ್ನಕ್ಕೆ ಅಲೆಯುವವಳು ತಪಾಸಣೆಗೆ ಹೋಗುವುದೆಲ್ಲಿಂದ ಬಂತು?

ಆದ್ದರಿಂದ ಈ ಮಹಿಳೆಯರ ಆರೋಗ್ಯದ ಪ್ರಶ್ನೆ ಕೊನೆಗೂ ಆಸ್ತಿಯ ಮತ್ತು ಆಸರೆಯ ಪ್ರಶ್ನೆಯಾಗಿದೆ. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ರಾಷ್ಟ್ರೀಯ ಆನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯ ಅಧ್ಯಯನ ಇದನ್ನು ಅಂಕಿಗಳಲ್ಲಿಯೇ ಹೇಳಿದೆ. ಸೋಂಕಿತ ವಿಧವೆಯರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಪತಿಯ ಮನೆಯಿಂದ ಹೊರಗಿದ್ದರು. ಶೇ. 79ರಷ್ಟು ಮಂದಿಗೆ ಪತಿಯ ಆಸ್ತಿಯಲ್ಲಿ ಪಾಲನ್ನು ನಿರಾಕರಿಸಲಾಗಿತ್ತು. ಅಧ್ಯಯನ ಹಳತಾಗಿರಬಹುದು. ಆದರೆ ಸೊಸೆಯನ್ನು ಹೊರಗಟ್ಟುವ ಪದ್ಧತಿ ಹಳತಾಗಿದೆಯೇ?

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಮಕ್ಕಳಿದ್ದರೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು ಭಾಗ ವಿಧವೆಗೆ ಸೇರಬೇಕೆಂದು ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 12ನೇ ಸೂಕ್ತ ನಿಗದಿಪಡಿಸಿದೆ. ಪಾವತಿಯಾಗದ ಮಹ್ರ್ ಪತಿಯ ಮೇಲಿನ ಸಾಲ. ಆಸ್ತಿ ಹಂಚುವ ಮೊದಲು ಅದು ತೀರಬೇಕು. ಅವಳ ಚಿನ್ನ ಅವಳದೇ. ಇದರಲ್ಲಿ ಯಾವುದೂ ರೋಗದ ಕಾರಣಕ್ಕೆ ರದ್ದಾಗುವುದಿಲ್ಲ. ನಮಾಝ್, ಉಪವಾಸಗಳಲ್ಲಿ ಚೂರೂ ಲೋಪವಾಗಬಾರದೆಂದು ಎಚ್ಚರ ವಹಿಸುವ ಕುಟುಂಬಗಳು ಈ ಎಂಟನೇ ಒಂದು ಭಾಗದ ಮುಂದೆ ಏಕೆ ಕುರುಡಾಗುತ್ತವೆ?

ಇನ್ನೊಂದು ಜಾಣತನದ ಉತ್ತರವೂ ಇದೆ. 'ಮನೆ ತಂದೆಯ ಹೆಸರಿನಲ್ಲಿದೆ, ಮಗ ಮೊದಲೇ ತೀರಿಹೋದ, ಇನ್ನು ಸೊಸೆಗೂ ಮೊಮ್ಮಕ್ಕಳಿಗೂ ಎಲ್ಲಿಯ ಪಾಲು?' ಚಿಕ್ಕಪ್ಪ, ದೊಡ್ಡಪ್ಪಂದಿರು ಇರುವಾಗ ಅನಾಥ ಮೊಮ್ಮಕ್ಕಳು ಅಜ್ಜನ ವಾರಸುದಾರರಾಗುವುದಿಲ್ಲ ಎಂಬುದು ನಿಜ. ಆದರೆ ಆ ಕಾರಣಕ್ಕೇ ಅವರ ಪರವಾಗಿ ವಸಿಯ್ಯತ್ ಮಾಡುವ ಬಾಗಿಲು ತೆರೆದಿದೆ. ವಾರಸುದಾರರಲ್ಲದವರಿಗೆ ಆಸ್ತಿಯ ಮೂರನೇ ಒಂದರವರೆಗೆ ವಸಿಯ್ಯತ್ ಬರೆಯಬಹುದು. ಬದುಕಿರುವಾಗಲೇ ಹಿಬಾ ಆಗಿಯೂ ಕೊಡಬಹುದು. ಅಜ್ಜನ ಒಂದು ಸಹಿ ಆ ತಾಯಿಯ ಆಯುಷ್ಯವನ್ನು ಹಿಗ್ಗಿಸಬಲ್ಲದು. ನಿಯಮದ ಒಂದು ಸಾಲನ್ನು ನೆನಪಿಟ್ಟುಕೊಂಡು ಇನ್ನೊಂದನ್ನು ಮರೆಯುವುದು ಶರೀಅತ್‌ನ ಪಾಲನೆಯಲ್ಲ, ಅದರ ದುರ್ಬಳಕೆ.

ದೇಶದ ಕಾನೂನು ಕೂಡ ಅವಳ ಪರವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಉದ್ಯೋಗ, ಶಿಕ್ಷಣ, ಚಿಕಿತ್ಸೆಗಳಲ್ಲಿ ತಾರತಮ್ಯವನ್ನು ಅದು ನಿಷೇಧಿಸುತ್ತದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಕುಟುಂಬವಾಗಿ ಬಾಳಿದ ಮನೆಯಿಂದ ಸೋಂಕಿತರನ್ನು ಹೊರಹಾಕುವಂತಿಲ್ಲ. ಜೀವನಾಂಶ ನಿಗದಿಪಡಿಸುವಾಗ ಚಿಕಿತ್ಸೆಯ ಖರ್ಚನ್ನೂ ನ್ಯಾಯಾಲಯ ಪರಿಗಣಿಸಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ವಕೀಲರು ದೊರೆಯುತ್ತಾರೆ. ಆದರೆ ದಾವೆ ಹೂಡಿದರೆ ಗುಟ್ಟು ರಟ್ಟಾದೀತೆಂಬ ಅಂಜಿಕೆಯಿಂದ ಅವಳು ಸುಮ್ಮನಾಗುತ್ತಾಳೆ. ಹೆಸರನ್ನು ಮರೆಮಾಚಿ ವಿಚಾರಣೆ ನಡೆಸಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ ಎಂದು ಅವಳಿಗೆ ತಿಳಿಸುವವರು ಯಾರು?

ಮದುವೆಗೆ ಮೊದಲು ಎಚ್‌ಐವಿ ಪರೀಕ್ಷೆಯನ್ನು ಜಮಾಅತ್‌ಗಳು ಕಡ್ಡಾಯಗೊಳಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದಿರಬಹುದು. ಆದರೆ ಒಪ್ಪಿಗೆಯಿಲ್ಲದ ಪರೀಕ್ಷೆಗೆ ಕಾನೂನಿನಲ್ಲಿ ಅವಕಾಶವಿಲ್ಲ. ವರದಿ ಸಮಿತಿಯ ಕಚೇರಿಗೆ ಬಂದರೆ ಸಂಜೆಯೊಳಗೆ ಮೊಹಲ್ಲಾಕ್ಕೆಲ್ಲ ಹಬ್ಬುತ್ತದೆ, ಅದರ ಏಟು ಬೀಳುವುದು ಹೆಣ್ಣಿನ ಮೇಲೆಯೇ. ಬದಲಾಗಿ, ವಧೂವರರಿಬ್ಬರೂ ಸ್ವಇಚ್ಛೆಯಿಂದ ಸರಕಾರಿ ಆಪ್ತ ಸಮಾಲೋಚನಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಪ್ರೋತ್ಸಾಹಿಸೋಣ. ಪರೀಕ್ಷೆ ಅಲ್ಲಿ ಉಚಿತ, ಗೋಪ್ಯ. 1097 ಸಂಖ್ಯೆಗೆ ಕರೆ ಮಾಡಿದರೂ ಉಚಿತವಾಗಿ ಮಾಹಿತಿ ಸಿಗುತ್ತದೆ.

ಜಮಾಅತ್‌ಗಳು ಮಾಡಬಹುದಾದ ಕೆಲಸ ಬೇರೆಯಿದೆ. ಮೊಹಲ್ಲಾದಲ್ಲಿ ಮರಣ ಸಂಭವಿಸಿದರೆ, ಕಾರಣವನ್ನು ಕೆದಕದೆ, ವಿಧವೆಯ ಪಾಲು ಮತ್ತು ಮಹ್ರ್ ಸಂದಾಯವಾಯಿತೇ ಎಂದು ವಿಚಾರಿಸುವ ಕ್ರಮವನ್ನು ಆರಂಭಿಸಲಿ. ಎಲ್ಲ ವಿಧವೆಯರಿಗೂ ಇದು ಅನ್ವಯವಾದಾಗ ಯಾರ ಗುಟ್ಟೂ ಹೊರಬೀಳುವುದಿಲ್ಲ. ಝಕಾತ್ ನಿಧಿಯಿಂದ ದೀರ್ಘಕಾಲದ ರೋಗಿಗಳ ಆಹಾರಕ್ಕೂ ಪ್ರಯಾಣಕ್ಕೂ, ರೋಗದ ಹೆಸರು ಕೇಳದೆ ನೆರವು ನೀಡಲಿ. ರಮಝಾನಿನಲ್ಲಿ ಉಪವಾಸಕ್ಕೆಂದು ಔಷಧಿ ನಿಲ್ಲಿಸಬೇಡಿರೆಂದು ಖತೀಬರು ಜುಮಾ ಖುತ್ಬಾದಲ್ಲಿ ಹೇಳಲಿ. ದಿನಕ್ಕೊಂದು ಮಾತ್ರೆಯನ್ನು ವೈದ್ಯರ ಸಲಹೆಯಂತೆ ರಾತ್ರಿಯಲ್ಲಿ ಸೇವಿಸಬಹುದು. ಉಪವಾಸ ತಾಳಲಾಗದ ರೋಗಿಗೆ ವಿನಾಯಿತಿಯೂ ಇದೆ. ಮೃತರ ಸ್ನಾನಕ್ಕೆ ಹಿಂಜರಿಯುವವರಿಗೆ ಕೈಗವಸು ತೊಟ್ಟು, ಎಂದಿನ ಎಚ್ಚರಿಕೆ ವಹಿಸಿದರೆ ಸಾಕೆಂದು ತಿಳಿಹೇಳಲಿ.

ರೋಗಿಯನ್ನು ಸಂದರ್ಶಿಸುವುದು ಸಹೋದರನ ಮೇಲೆ ಸಹೋದರನಿಗಿರುವ ಹಕ್ಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಹಕ್ಕು ಸಹೋದರಿಗೂ ಇದೆ. ಸರಕಾರ ಅವಳ ಕೈಗೆ ಮಾತ್ರೆಯನ್ನು ಕೊಟ್ಟಿದೆ. ಅದನ್ನು ನಿಶ್ಚಿಂತೆಯಿಂದ ನುಂಗಲು ಒಂದು ಸೂರು, ಒಂದು ತುತ್ತು ಅನ್ನ, ನ್ಯಾಯವಾಗಿ ಅವಳಿಗೆ ಸೇರಬೇಕಾದ ಪಾಲು, ಇವಿಷ್ಟನ್ನು ಕೊಡಬೇಕಾದವರು ನಾವು. ಈ ಸಾಲವನ್ನು ಇಲ್ಲಿ ತೀರಿಸದಿದ್ದರೆ ಎಲ್ಲಿ ಲೆಕ್ಕ ಕೊಡಬೇಕಾದೀತೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.