ಮಲಪ್ರಭೆಯ ದಂಡೆಯಿಂದ ಗುಡೂರಿಗೆ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಆದರೆ ಸುತ್ತುವಾಗ ಜೊತೆಗೆ ಎಷ್ಟು ಮಂದಿ ಇರಬೇಕೆಂಬುದನ್ನು ಅವರು ಹೇಳಿದಂತೆ ಕಾಣುವುದಿಲ್ಲ. ಒಬ್ಬನೇ ಹೊರಟವನಿಗೆ ಕಾಲು ಉಳುಕಿದಾಗ ಕೈ ಕೊಡುವವರಿಲ್ಲ. ಐವತ್ತು ಜನ ಬಸ್ಸು ತುಂಬಿಕೊಂಡು ಹೊರಟರೆ ತಿಂಡಿಯ ಗಲಾಟೆ, ಕಳೆದುಹೋದ ಚಪ್ಪಲಿಯ ಹುಡುಕಾಟ, ಇವುಗಳಲ್ಲಿಯೇ ದಿನ ಮುಗಿದು, ನೋಡಬೇಕಾದ ಊರು ಕಿಟಕಿಯ ಹೊರಗೇ ಉಳಿಯುತ್ತದೆ. ಈ ಎರಡು ತುದಿಗಳ ನಡುವೆ, ಆರರಿಂದ ಹನ್ನೆರಡು ಮಂದಿ ಒಂದು ತಂಡವಾಗಿ, ಬೆನ್ನಿಗೊಂದು ಚೀಲ ಕಟ್ಟಿಕೊಂಡು, ಬೆಟ್ಟ ಹತ್ತಿ, ಹೊಳೆ ದಾಟಿ, ಪಟ್ಟಣದ ಸಂತೆಯಲ್ಲಿ ಅಡ್ಡಾಡಿ, ಕಡಲತೀರದಲ್ಲಿ ಮಲಗೆದ್ದು ಬರುವ ಸಾಹಸ ಪ್ರವಾಸವೊಂದು ಈಗ ಮಧ್ಯಮ ವರ್ಗದ ಮನೆಗಳ ಬಾಗಿಲನ್ನೂ ತಟ್ಟುತ್ತಿದೆ. ಮಗನೋ ಮಗಳೋ ಒಂದು ಸಂಜೆ ಬಂದು, “ಎಂಟು ಜನ ಹೊರಟಿದ್ದೇವೆ, ನಾಳಿದ್ದು ರಾತ್ರಿ ರೈಲು” ಎಂದಾಗ ತಾಯಿಯ ಮುಖದಲ್ಲಿ ಕಳವಳವೂ ತಂದೆಯ ಬಾಯಲ್ಲಿ ನೂರು ಪ್ರಶ್ನೆಗಳೂ ಒಟ್ಟಿಗೆ ಮೂಡುವುದು ಸಹಜ.

ಗುಂಪು ಪ್ರವಾಸದ ವ್ಯಾಪಾರಕ್ಕೆ ಇಂಗ್ಲೆಂಡೇ ತವರು ಎನ್ನುವುದುಂಟು. 1841ರ ಜುಲೈ ತಿಂಗಳಲ್ಲಿ ಥಾಮಸ್ ಕುಕ್ ಎಂಬಾತ ಸುಮಾರು ಐನೂರು ಜನರನ್ನು ಲೆಸ್ಟರಿನಿಂದ ಲಫ್‌ಬರೋ ಪಟ್ಟಣಕ್ಕೆ ಒಂದೇ ರೈಲಿನಲ್ಲಿ ಕರೆದೊಯ್ದನು. ಅಲ್ಲಿಂದ ಬೆಳೆದ ಆ ಉದ್ಯಮವು ಮುಂದೆ ಜಗತ್ತನ್ನೇ ಆವರಿಸಿತು. ಅದಕ್ಕೆ ಪ್ರತಿಯಾಗಿ, ಜನರನ್ನು ಹಿಂಡುಹಿಂಡಾಗಿ ಸಾಗಿಸುವುದು ಪ್ರವಾಸವಲ್ಲವೆಂದು ಹೊರಟವರ ಸಂಸ್ಥೆಗಳು ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 1989ರಲ್ಲಿ ಆರಂಭವಾದ ಇಂಟ್ರೆಪಿಡ್ ಅಂಥದೊಂದು. ಕಿರಿಯ ತಂಡ, ಸ್ಥಳೀಯ ಬಸ್ಸು, ಊರವರ ಊಟ, ಇವೇ ಅದರ ಬಂಡವಾಳ.

ಕನ್ನಡ ನಾಡಿನಲ್ಲಿಯೂ ಈ ಬಗೆಯ ತಂಡಗಳಿಗೆ ಮೆಚ್ಚಿನ ದಾರಿಗಳು ಹಲವು. ಗೋಕರ್ಣದ ಕುಡ್ಲೆ ತೀರದಿಂದ ಓಂ ತೀರಕ್ಕೂ ಅಲ್ಲಿಂದಾಚೆಗೂ ಬಂಡೆಗಳ ಮೇಲಿನ ಕಾಲುದಾರಿ ಹಿಡಿದು ಹೋಗುವವರುಂಟು. 1712 ಮೀಟರು ಎತ್ತರದ ಕುಮಾರಪರ್ವತವನ್ನು ಏರುವವರುಂಟು. ಆದರೆ ಕಿರಿದೆಂಬುದು ಹಿರಿದಾದರೆ ಏನಾಗುತ್ತದೆಂಬುದಕ್ಕೂ ಆ ಪರ್ವತವೇ ಸಾಕ್ಷಿ. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಅಲ್ಲಿನ ಕಾಲುದಾರಿಯಲ್ಲಿ ಜಾತ್ರೆಯಂತೆ ಜನ ನೆರೆದರು. ಚಾರಣಕ್ಕೆ ತಡೆ ಬಿದ್ದಿತು. ಮುಂಗಡವಾಗಿ ಹೆಸರು ನೋಂದಾಯಿಸಿ, ದಿನಕ್ಕೆ ಇಂತಿಷ್ಟೇ ಜನ ಹೋಗಬೇಕೆಂಬ ಕಟ್ಟಳೆಯನ್ನು ಅರಣ್ಯ ಇಲಾಖೆ ತರಬೇಕಾಯಿತು. ಹತ್ತು ಜನರ ನೂರು ತಂಡಗಳು ಒಂದೇ ದಿನ ಹೊರಟರೆ, ಅವು ಕಿರುತಂಡಗಳಾಗಿ ಉಳಿಯುವುದಿಲ್ಲವಷ್ಟೆ!

ಹಾಗೆ ನೋಡಿದರೆ, ಉತ್ತರ ಕರ್ನಾಟಕದವರಿಗೆ ಈ ಪದ್ಧತಿಯನ್ನು ಪರದೇಶದ ಯಾವ ಸಂಸ್ಥೆಯೂ ಕಲಿಸಬೇಕಾಗಿಲ್ಲ. ಯುಗಾದಿ ಸಮೀಪಿಸಿತೆಂದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಊರೂರುಗಳಿಂದ ಜನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಮುಂದೆ ಕಂಬಿ, ಹಿಂದೆ ಊರಿನ ತಂಡ. ಬಿಸಿಲು ಏರುವ ಮೊದಲೇ ಹೊರಡುವುದು, ಮಧ್ಯಾಹ್ನ ಮರದ ನೆರಳು, ಇಳಿಹೊತ್ತಿಗೆ ಮತ್ತೆ ನಡಿಗೆ. ದಾರಿಯ ಊರುಗಳಲ್ಲಿ ಜನರು ಕಾದು ನಿಂತು ನೀರು, ಮಜ್ಜಿಗೆ, ರೊಟ್ಟಿ ಕೊಡುತ್ತಾರೆ. ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುವವರೂ ಉಂಟು. ಕೊನೆಯ ಹಂತದಲ್ಲಿ ನಲ್ಲಮಲದ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳಗಳನ್ನು ದಾಟಿ ಕೈಲಾಸದ್ವಾರದ ಮೆಟ್ಟಿಲೇರಬೇಕು. ಹುಲಿಗಳಿರುವ ಕಾಡು ಅದು. ಅಷ್ಟು ದೂರ, ಅಷ್ಟು ಬಿಸಿಲು, ಅಷ್ಟು ಏರು, ಇದನ್ನು ಸಾಹಸ ಪ್ರವಾಸವಲ್ಲವೆನ್ನಲು ಯಾರಿಗೆ ಬಾಯಿ ಬಂದೀತು? ಹೊರಟವರು ಮಾತ್ರ ಅದನ್ನು ಸಾಹಸವೆಂದು ಕರೆಯುವುದಿಲ್ಲ, ಅಷ್ಟೆ. ಜೊತೆಯವನು ಹಿಂದುಳಿದರೆ ನಿಲ್ಲುವುದು, ಇದ್ದುದನ್ನು ಹಂಚಿ ತಿನ್ನುವುದು, ದಾರಿ ಬಲ್ಲ ಹಿರಿಯನ ಮಾತು ಕೇಳುವುದು, ಈ ಮೂರು ನಿಯಮಗಳು ಅಲ್ಲಿ ತಾವಾಗಿಯೇ ನಡೆಯುತ್ತವೆ.

ಇದೇ ನಿಯಮಗಳನ್ನು ಕಟ್ಟಿಕೊಂಡು ಹೊರಡುವ ಇಂದಿನ ತಂಡಕ್ಕೆ ಮಲಪ್ರಭೆಯ ದಂಡೆಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ. ಬಾದಾಮಿಯಿಂದ ಹೊರಟು, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು, ಸಿದ್ಧನಕೊಳ್ಳದ ಮೂಲಕ ಗುಡೂರಿಗೆ ಬಂದು, ಇಳಕಲ್ಲಿನಲ್ಲಿ ಮುಗಿಸಿದರೆ ಐದು ದಿನಗಳ ಪಯಣ. ಕಡಲೊಂದಿಲ್ಲ, ಆದರೆ ಇಲ್ಲಿನ ಬೆಟ್ಟಗಳ ಕೆಂಪು ಮರಳುಗಲ್ಲು ಒಂದು ಕಾಲಕ್ಕೆ ನೀರಿನಡಿ ಪದರ ಪದರವಾಗಿ ನೆಲೆಸಿದ ಮರಳೇ. ಜೀವಿಗಳು ನೆಲವನ್ನೇರುವುದಕ್ಕೂ ಎಷ್ಟೋ ಮೊದಲಿನ ತೀರದ ಮೇಲೆ ತಾನು ನಡೆಯುತ್ತಿದ್ದೇನೆಂಬ ಅರಿವು ನಡೆಯುವವನಿಗಿದ್ದರೆ ಆ ಕೊರತೆಯೂ ತುಂಬಿಕೊಳ್ಳುತ್ತದೆ.

ಬಾದಾಮಿಯ ರೈಲು ನಿಲ್ದಾಣವು ಊರಿಗೆ ಐದು ಕಿಲೊಮೀಟರುಗಳಷ್ಟು ದೂರದಲ್ಲಿದೆ. ಊರು ಸೇರಿದೊಡನೆ ಎರಡು ಬೆಟ್ಟಗಳ ನಡುವೆ ಅಗಸ್ತ್ಯತೀರ್ಥದ ಕೆರೆ. ಇಲ್ಲಿನ ಬೆಟ್ಟವನ್ನು ಕೋಟೆಯಾಗಿಸಿದ ಸಂಗತಿಯನ್ನು ಒಂದನೆಯ ಪುಲಕೇಶಿಯು 543ರಲ್ಲಿ ಬಂಡೆಯ ಮೇಲೆ ಬರೆಸಿದನು. ಮೂರನೆಯ ಗುಹೆಯನ್ನು ಮಂಗಲೇಶನು 578ರಲ್ಲಿ ವಿಷ್ಣುವಿಗೆ ಅರ್ಪಿಸಿದನು. ಬಸ್ಸಿನಲ್ಲಿ ಬಂದವರು ನಾಲ್ಕು ಗುಹೆಗಳನ್ನು ನೋಡಿ, ಮಂಗಗಳಿಗೆ ಹೆದರಿ, ಬಸ್ಸಿಗೆ ಹಿಂದಿರುಗುತ್ತಾರೆ. ಕಿರುತಂಡದವರಿಗೆ ಆಟ ಆರಂಭವಾಗುವುದೇ ಅಲ್ಲಿಂದ ಮುಂದೆ. ಕುರುಚಲು ಕಾಡಿನ ನಡುವೆ ಒಂದು ಗಂಟೆಗೂ ಮಿಕ್ಕಿ ನಡೆದರೆ ಸಿಡಿಲಪಡಿ. ಮೇಲ್ಛಾವಣಿಯಲ್ಲಿ ರಂಧ್ರಗಳಿರುವ ಸಹಜವಾದ ಕಲ್ಲುಗವಿ ಅದು. ಒಳಗೆ ಇತಿಹಾಸಪೂರ್ವ ಕಾಲದ ಮನುಷ್ಯರು ಬಿಡಿಸಿದ ಚಿತ್ರಗಳು. ಚಾಲುಕ್ಯರ ಉಳಿ ಸದ್ದು ಮಾಡುವುದಕ್ಕೂ ಸಾವಿರಾರು ವರ್ಷಗಳ ಮೊದಲು ಇಲ್ಲಿ ಮನುಷ್ಯನ ಸಂಸಾರವಿತ್ತು.

ಇದೇ ಕೆಂಪು ಬಂಡೆಗಳ ಮೇಲೆ ಚಳಿಗಾಲದಲ್ಲಿ ಬೆಂಗಳೂರಿನಿಂದಲೂ ಪರದೇಶಗಳಿಂದಲೂ ಬಂದ ಶಿಲಾರೋಹಿಗಳು ಹಗ್ಗ ಕಟ್ಟಿಕೊಂಡು ಏರುವುದನ್ನು ಕಾಣಬಹುದು. ಕಲ್ಲು ಪದರ ಪದರವಾಗಿರುವುದರಿಂದ ಬೆರಳಿಗೆ ಹಿಡಿತ ಸಿಗುತ್ತದೆ. ಮೊದಲು ಏರುವವನು ಬಂಡೆಯಲ್ಲಿ ನೆಟ್ಟ ಬೋಲ್ಟುಗಳಿಗೆ ಹಗ್ಗವನ್ನು ಸಿಕ್ಕಿಸುತ್ತ ಹೋಗುತ್ತಾನೆ. ಕೆಳಗೆ ನಿಂತವನು ಆ ಹಗ್ಗದ ಇನ್ನೊಂದು ಕೊನೆಯನ್ನು ಹಿಡಿದು, ಬೇಕಾದಷ್ಟೇ ಬಿಡುತ್ತಾನೆ. ಮೇಲಿನವನ ಕೈ ಜಾರಿದರೆ ಅವನ ಜೀವ ಕೆಳಗಿನವನ ಎಚ್ಚರದಲ್ಲಿದೆ. ಐವತ್ತು ಜನರ ಗುಂಪಿನಲ್ಲಿ ಇಂಥ ನಂಬಿಕೆ ಬೆಳೆಯುವುದಿಲ್ಲ. ಮಳೆ ಬಂದ ಮರುದಿನ ಮಾತ್ರ ಅನುಭವಸ್ಥರು ಬಂಡೆಯನ್ನು ಮುಟ್ಟುವುದಿಲ್ಲ. ಮರಳುಗಲ್ಲು ನೆನೆದಾಗ ಅದರ ಬಲ ಕುಗ್ಗುತ್ತದೆ, ಹಿಡಿದ ಚೂರೇ ಕೈಗೆ ಕಿತ್ತು ಬರಬಹುದು. ಎತ್ತರದ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದುಂಟು. ಗೂಡು ಕಂಡಲ್ಲಿ ಕೂಗಾಟ, ಹೊಗೆ, ಕಲ್ಲೆಸೆತ ಯಾವುದೂ ಕೂಡದು. ಇನ್ನು ಗುಹೆ, ದೇವಾಲಯ, ಕೋಟೆಗಳೆಲ್ಲ ಸಂರಕ್ಷಿತ ಸ್ಮಾರಕಗಳು. ಅವುಗಳಿಗೆ ಹಾನಿಯೆಸಗಿದವರಿಗೆ ಎರಡು ವರ್ಷಗಳವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ತನ್ನ ಪ್ರೇಯಸಿಯ ಹೆಸರನ್ನು ಕಲ್ಲಿನ ಮೇಲೆ ಕೆತ್ತಲು ಹೊರಟ ತರುಣನು ಇದನ್ನು ನೆನಪಿಡುವುದು ಲೇಸು.

ಎರಡನೆಯ ದಿನ ಬೆಟ್ಟದ ಮೇಲಿನ ಹಳೆಯ ಕಾಲುದಾರಿಯಿಂದ ಮಹಾಕೂಟಕ್ಕೆ. ವಾಹನದ ದಾರಿ ಸುತ್ತುಬಳಸಿನದು, ಕಾಲುದಾರಿ ಯಾತ್ರಿಕರದು. ಬಿಸಿಲಿನಲ್ಲಿ ಬೆಂದು ಇಳಿದವರಿಗೆ ಮಹಾಕೂಟದ ಪುಷ್ಕರಿಣಿಯ ಬುಗ್ಗೆನೀರು ಎಂಥ ಸುಖವೆಂಬುದನ್ನು ಕಾರಿನಲ್ಲಿ ಬಂದವರು ಅರಿಯಲಾರರು. ಮೂರನೆಯ ದಿನ ಪಟ್ಟದಕಲ್ಲು. 1987ರಲ್ಲಿ ವಿಶ್ವಪರಂಪರೆಯ ತಾಣವೆಂದು ಘೋಷಿತವಾದ ಈ ದೇವಾಲಯ ಸಮೂಹದಲ್ಲಿ, ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯೇ ಹಿರಿದು. ನಾಲ್ಕನೆಯ ದಿನ ಐಹೊಳೆ. ಮೇಗುಟಿಯ ಬೆಟ್ಟದ ಮೇಲಿನ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ರಚಿಸಿದ 634ರ ಶಾಸನವಿದೆ. ಅದೇ ಬೆಟ್ಟದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳೂ ಇವೆ. ಕಾಳಿದಾಸ, ಭಾರವಿಯರೊಡನೆ ತನ್ನನ್ನು ಹೋಲಿಸಿಕೊಂಡ ಕವಿಯೂ ಹೆಸರೇ ಉಳಿಯದ ಜನರೂ ಅಲ್ಲಿ ನೆರೆಹೊರೆಯವರು.

ಪ್ರವಾಸಿಗಳ ಕೈಪಿಡಿಗಳೆಲ್ಲ ಐಹೊಳೆಗೇ ಮುಗಿಯುತ್ತವೆ. ಕಿರುತಂಡವು ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಐದನೆಯ ದಿನ, ಗುಡೂರಿನ ದಾರಿಯಲ್ಲಿ. ನಡುವೆ ಸಿದ್ಧನಕೊಳ್ಳ ಸಿಗುತ್ತದೆ. ಬಂಡೆಗಳ ಇಕ್ಕಟ್ಟಿನಲ್ಲಿ ಒರತೆಯ ನೀರು, ಸಿದ್ಧೇಶ್ವರನ ಗುಡಿ, ಸಂತಾನ ಬಯಸುವವರು ನಮಿಸುವ ಲಜ್ಜಾಗೌರಿಯ ಶಿಲ್ಪ. ಮಳೆಗಾಲದಲ್ಲಿ ಮೇಲಿನಿಂದ ನೀರು ಧುಮುಕುತ್ತದೆ. ಆಗ ಕೊಳ್ಳದ ಅಂಚಿನ ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು ಫೋಟೊ ತೆಗೆಯುವ ಮೋಹ ಎಷ್ಟು ಅಪಾಯಕರವೆಂಬುದನ್ನು ದನ ಕಾಯುವ ಹುಡುಗನೂ ಹೇಳಬಲ್ಲನು, ಕೇಳುವ ಕಿವಿಯಿದ್ದರೆ.

ಗುಡೂರಿನಲ್ಲಿ ನೋಡುವಂಥದೇನಿದೆ ಎಂದು ಕೇಳುವವರುಂಟು. ವಿಶ್ವಪರಂಪರೆಯ ಫಲಕವಿಲ್ಲ, ಟಿಕೆಟ್ಟಿನ ಕಟ್ಟೆಯಿಲ್ಲ. ಊರ ಪಶ್ಚಿಮಕ್ಕೆ ಮರಳುಗಲ್ಲಿನ ಬೆಟ್ಟಗಳ ಸಾಲು. ಪೂರ್ವಕ್ಕೆ ಇಳಕಲ್ಲಿನ ಗ್ರಾನೈಟು, ಆ ಮರಳುಗಲ್ಲಿಗಿಂತಲೂ ಹಳೆಯದು. ಗುಡೂರು, ಸೂಳೇಭಾವಿ, ಅಮೀನಗಡದ ಸುತ್ತು ನೇಕಾರರ ನಾಡು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು, ಹಾಸಿನ ನಡುವೆ ಲಾಳಿ ಹಾಯಿಸುವ ಕೈಯನ್ನು ಅರ್ಧ ಗಂಟೆ ನೋಡಿದರೆ, ಇಳಕಲ್ಲ ಸೀರೆಯ ಬೆಲೆಯ ಬಗೆಗೆ ಚೌಕಾಶಿ ಮಾಡುವ ನಾಲಗೆ ತಾನಾಗಿಯೇ ಮೆತ್ತಗಾಗುತ್ತದೆ. ಒಡಲಿನ ಎಳೆಗಳೊಂದು ಬಗೆ, ಸೆರಗಿನ ರೇಷ್ಮೆಯ ಎಳೆಗಳೊಂದು ಬಗೆ. ಎರಡನ್ನೂ ಕುಣಿಕೆ ಹಾಕಿ ಒಂದೊಂದಾಗಿ ಕೂಡಿಸಬೇಕು. ಆ ಕೂಡಿಕೆಯಲ್ಲಿಯೇ ಈ ಸೀರೆಯ ಹೆಚ್ಚುಗಾರಿಕೆ.

ತಂಡ ಕಿರಿದಾದರೆ ಮಾತ್ರ ಇಂಥ ಮನೆಯೊಳಗೆ ಕಾಲಿಡಲು ಸಾಧ್ಯ. ಎಂಟು ಜನ ಬಂದರೆ ಮುದುಕಿ ಚಾಪೆ ಹಾಸಿ, “ಯಾವೂರಾತಪ್ಪಾ ನಿಮ್ದು? ಊಟಾ ಆತೇನು?” ಎಂದು ಕೇಳುತ್ತಾಳೆ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬರುತ್ತವೆ. ಐವತ್ತು ಜನ ಬಂದರೆ ಬಾಗಿಲು ಹಾಕಿಕೊಳ್ಳದೆ ಅವಳಿಗೆ ಬೇರೆ ದಾರಿಯಿಲ್ಲ.

ಆದರೆ ಇಲ್ಲಿಯೇ ಒಂದು ಮಾತು ಯೋಚಿಸತಕ್ಕದ್ದು. ಶ್ರೀಶೈಲಕ್ಕೆ ನಡೆಯುವವನಿಗೆ ಊರವರು ಅನ್ನವಿಡುವುದು ದೇವರ ಹೆಸರಿನಲ್ಲಿ. ಅವನು ನಾಳೆ ತನ್ನೂರಲ್ಲಿ ಇನ್ನೊಬ್ಬ ಯಾತ್ರಿಕನಿಗೆ ಅದನ್ನು ತೀರಿಸುತ್ತಾನೆ. ಪ್ರವಾಸಿಗೆ ಆ ಸಾಲವನ್ನು ತೀರಿಸುವ ಬಗೆ ಯಾವುದು? ಬೆಂಗಳೂರಿನಲ್ಲಿಯೇ ಹಣವೆಲ್ಲ ಕಟ್ಟಿಸಿಕೊಂಡು, ಅಲ್ಲಿಂದಲೇ ವಾಹನ, ಅಲ್ಲಿಂದಲೇ ಅಡಿಗೆಯವನು, ಅಲ್ಲಿಂದಲೇ ನೀರಿನ ಬಾಟಲಿ ತಂದು, ಗುಡೂರಿನ ದಾರಿಯಲ್ಲಿ ಧೂಳೆಬ್ಬಿಸಿ ಹೋಗುವ ತಂಡ ಎಷ್ಟೇ ಕಿರಿದಾದರೂ ಊರಿಗೆ ಉಳಿಯುವುದು ಖಾಲಿ ಬಾಟಲಿ ಮಾತ್ರ. ಬಿ. ಎ. ಮುಗಿಸಿ ಕೆಲಸವಿಲ್ಲದೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ಹುಡುಗರು ಇಂಥ ಊರುಗಳಲ್ಲಿ ಇಲ್ಲದಿಲ್ಲ. ಯಾವ ಕೊಳ್ಳದಲ್ಲಿ ಬೇಸಗೆಯಲ್ಲೂ ನೀರಿರುತ್ತದೆ, ಯಾವ ಬಂಡೆಯಲ್ಲಿ ಜೇನಿದೆ ಎಂಬುದನ್ನು ಅವರಷ್ಟು ಬಲ್ಲವರು ಯಾರು? ಅವರಲ್ಲೊಬ್ಬನು ದಾರಿ ತೋರಿಸಲಿ, ಅವನಿಗೆ ದಿನದ ಸಂಬಳ ಸಲ್ಲಲಿ. ಉಂಡ ಮನೆಗೆ ಊಟದ ಹಣ ಮರ್ಯಾದೆಯಿಂದ ಸೇರಲಿ. ಸೀರೆಯನ್ನು ನೇಯ್ದವನ ಕೈಯಿಂದಲೇ ಕೊಳ್ಳಲಿ. ಆಗ ಮುಂದಿನ ವರ್ಷ ಬರುವ ತಂಡಕ್ಕೂ ಆ ಚಾಪೆ ಹಾಸಿರುತ್ತದೆ.

ಮಕ್ಕಳನ್ನು ಕಳಿಸಲೋ ಬೇಡವೋ ಎಂದು ತೊಳಲುವ ತಾಯಿತಂದೆಯರು “ಬೇಡ” ಎಂಬ ಒಂದೇ ಮಾತಿನಲ್ಲಿ ಮುಗಿಸುವ ಬದಲು ಕೆಲವು ಪ್ರಶ್ನೆಗಳನ್ನು ಕೇಳಬಹುದು. ತಂಡದಲ್ಲಿ ಎಷ್ಟು ಜನ? ಮುಂದಾಳು ಪ್ರಥಮ ಚಿಕಿತ್ಸೆ ಬಲ್ಲವನೇ? ಈ ದಾರಿಯಲ್ಲಿ ಮೊದಲು ನಡೆದವನೇ? ಹಗ್ಗ, ಸೊಂಟಪಟ್ಟಿ, ಶಿರಸ್ತ್ರಾಣಗಳು ಎಷ್ಟು ಹಳೆಯವು? ರಾತ್ರಿ ತಂಗುವುದೆಲ್ಲಿ? ಹುಡುಗಿಯರಿದ್ದರೆ ಅವರಿಗೆ ಮಲಗಲು, ಸ್ನಾನಕ್ಕೆ ಪ್ರತ್ಯೇಕ ಏರ್ಪಾಡುಂಟೇ? ಆಸ್ಪತ್ರೆ ಎಷ್ಟು ದೂರ? ನಡುದಾರಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ಯಾರು ಹಿಂದೆ ಉಳಿಯುವರು? ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ತಂಡದೊಡನೆ ಕಳಿಸದಿರುವುದೇ ಒಳ್ಳೆಯದು. ಉತ್ತರ ನೇರವಾಗಿ ಬಂದರೆ, ಹುಡುಗನೇ ಆಗಲಿ ಹುಡುಗಿಯೇ ಆಗಲಿ, ಹೋಗಿಬರಲಿ. ಕಾಲವನ್ನು ಮಾತ್ರ ನೋಡಿಕೊಳ್ಳಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಈ ಸೀಮೆಯ ಹವೆ ಹಿತ; ಏಪ್ರಿಲ್, ಮೇ ತಿಂಗಳುಗಳಲ್ಲಿ ಬಂಡೆಯೆಲ್ಲ ಹೆಂಚಿನಂತೆ ಕಾಯುತ್ತದೆ. ಯಾವ ಕಾಲದಲ್ಲಿಯೂ ತಲೆಗೆ ಟೋಪಿ, ಒಬ್ಬೊಬ್ಬರಿಗೆ ದಿನಕ್ಕೆ ಮೂರು ನಾಲ್ಕು ಲೀಟರು ನೀರು, ಸಂಜೆಯ ಮೇಲೆ ಹಾವು ಹುಪ್ಪಟೆಗಳಿಗಾಗಿ ಕೈಯಲ್ಲೊಂದು ಬ್ಯಾಟರಿ, ಇವು ಬೇಕೇ ಬೇಕು.

ಐದು ದಿನ ಹೀಗೆ ನಡೆದು ಬಂದ ತರುಣರು ಮನೆಗೆ ತರುವುದು ಬಿಸಿಲಿಗೆ ಕಪ್ಪಾದ ಮುಖ, ಸವೆದ ಪಾದರಕ್ಷೆ, ಚೀಲದ ತಳದಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ, ತಾಯಿಗೊಂದು ಇಳಕಲ್ಲ ಸೀರೆ. ಆ ಸೀರೆಯನ್ನು ಬಿಡಿಸಿ ನೋಡುವಾಗ, ಅದನ್ನು ನೇಯ್ದವರ ಹೆಸರೇನು, ಅವರ ಮನೆಯಲ್ಲಿ ಎಷ್ಟು ಮಂದಿ ಎಂದು ತಾಯಿ ಕೇಳಿದರೆ, ಮಗ ಉತ್ತರ ಹೇಳಬಲ್ಲವನಾಗಿರಬೇಕು. ಪ್ರವಾಸ ಮಾಡಿಬಂದನೋ, ಬರಿದೆ ತಿರುಗಾಡಿಬಂದನೋ ಎಂಬುದನ್ನು ಆಕೆ ಅಷ್ಟರಿಂದಲೇ ತಿಳಿದುಕೊಳ್ಳಬಹುದು.