ಪಾಠ ಹೇಳುವವನ ಪಾಠ

ಚೀನಾಕ್ಕೆ ಇಂಗ್ಲಿಷ್ ಕಲಿಸಲು ಹೋದ ತರುಣ ವಿದೇಶಿ ಅಧ್ಯಾಪಕರ ಅನುಭವ ಕಥನಗಳಿಗೆ ಈಗ ಬರವಿಲ್ಲ. ಬಹುಪಾಲು ಕಥನಗಳು ಒಂದೇ ಜಾಡಿನವು: ಕಂಡರಿಯದ ತಿನಿಸು, ಜನಜಂಗುಳಿ, ಬೀದಿಯಲ್ಲಿ ಹಿಂಬಾಲಿಸುವ ಕುತೂಹಲದ ಕಣ್ಣುಗಳು. ಓದಲು ಸೊಗಸಾಗಿಯೇ ಇರುತ್ತವೆ. ಆದರೆ ಆ ಬದುಕಿನ ತಿರುಳು ಬೇರೆಡೆ ಇದೆಯೆಂಬುದು ನಮ್ಮ ಅಭಿಪ್ರಾಯ. ತರಗತಿಯೊಳಗೆ ಭಾಷೆಗೆ ತಾನೇ ಪ್ರಮಾಣವೆಂಬಂತೆ ನಿಲ್ಲುವ ಈ ತರುಣ, ಶಾಲೆಯ ಗೇಟು ದಾಟಿದೊಡನೆ ಅನಕ್ಷರಸ್ಥನಾಗುತ್ತಾನೆ. ಅಂಗಡಿಯ ಹಲಗೆ, ಬಸ್ಸಿನ ಫಲಕ, ಔಷಧದ ಪೊಟ್ಟಣ ಯಾವುದನ್ನೂ ಓದಲಾರ. ಈ ಎರಡು ಸ್ಥಿತಿಗಳ ನಡುವೆ ಆತ ಹೇಗೆ ಬಾಳುತ್ತಾನೆ ಎಂಬುದೇ ಮುಖ್ಯವಾದ ಪ್ರಶ್ನೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮನ್ನೂ ಅದು ತಟ್ಟದೆ ಬಿಡದು.

ಆ ಬದುಕಿನ ದಿನಚರಿಯನ್ನು ಕೊಂಚ ಗಮನಿಸೋಣ. ಬಂದಿಳಿದ 24 ಗಂಟೆಗಳೊಳಗೆ ಪೊಲೀಸರಲ್ಲಿ ವಾಸಸ್ಥಳದ ನೋಂದಣಿಯಾಗಬೇಕು. ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರ ವ್ಯವಹಾರ ನೋಡಿಕೊಳ್ಳಲೆಂದೇ ಒಂದು ಕಚೇರಿ ಇರುತ್ತದೆ. ಮನೆಯಿಂದ ಹಿಡಿದು ವೀಸಾದವರೆಗೆ ಎಲ್ಲಕ್ಕೂ ಅದೇ ದಿಕ್ಕು. ಶಾಲೆಗಳಲ್ಲಿ ಒಂದೊಂದು ತರಗತಿಯಲ್ಲಿ ನಲವತ್ತು, ಐವತ್ತು ಮಕ್ಕಳು. ಮಧ್ಯಾಹ್ನದ ಊಟವಾದ ಮೇಲೆ ಇಡೀ ತರಗತಿ ಮೇಜಿನ ಮೇಲೆ ತಲೆಯಿಟ್ಟು ನಿದ್ರಿಸುತ್ತದೆ. ಕುಡಿಯಲು ಎಲ್ಲೆಲ್ಲೂ ಬಿಸಿನೀರು. ವಿದ್ಯಾರ್ಥಿಗಳು ತಮಗೆ ತಾವೇ ಇಂಗ್ಲಿಷ್ ಹೆಸರೊಂದನ್ನು ಇಟ್ಟುಕೊಳ್ಳುತ್ತಾರೆ. ಎಷ್ಟೇ ಚಿಕ್ಕ ವಯಸ್ಸಿನವನಾದರೂ ಅಧ್ಯಾಪಕನು 'ಲಾವೊಷಿ'. ಈ ಪದದ ಮೊದಲ ಭಾಗಕ್ಕೆ 'ಹಿರಿಯ' ಎಂಬ ಅರ್ಥವಿದೆ. ನಮ್ಮ 'ಮೇಷ್ಟ್ರು' ಎಂಬ ಮಾತಿನಲ್ಲಿರುವ ಗೌರವವೇ ಅದರಲ್ಲಿಯೂ ಇದೆ. ದಾರಿಯಲ್ಲಿ ಎದುರಾದವರು 'ಉಂಡೆಯಾ?' ಎಂದು ಕೇಳುವುದುಂಟು. ಪಾಶ್ಚಾತ್ಯ ತರುಣ ಇದನ್ನು ಊಟದ ಆಹ್ವಾನವೆಂದು ಭಾವಿಸಿ ತಬ್ಬಿಬ್ಬಾದಾನು. 'ಊಟ ಆಯ್ತಾ?' ಎಂಬುದನ್ನೇ ಕುಶಲಪ್ರಶ್ನೆಯಾಗಿ ಬಳಸುವ ಕನ್ನಡಿಗನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ದಿನಚರಿಯಲ್ಲಿ ಎರಡು ಬಗೆಯಾಗಿ ಬದುಕಬಹುದು. ಸಂಸ್ಥೆ ಕೊಟ್ಟ ಮನೆ, ಇಂಗ್ಲಿಷ್ ಬಲ್ಲ ಸಹೋದ್ಯೋಗಿ, ತನ್ನಂತೆಯೇ ಬಂದ ನಾಲ್ಕಾರು ವಿದೇಶಿ ಗೆಳೆಯರು, ಇಷ್ಟರಲ್ಲಿಯೇ ಒಪ್ಪಂದದ ಅವಧಿಯನ್ನು ಕಳೆದು ಹಿಂತಿರುಗುವುದು ಒಂದು ಬಗೆ. ತಾನು ಕಲಿಸುವಷ್ಟೇ ಹೊತ್ತು ತಾನೂ ಶಿಷ್ಯನಾಗಿ ಕೂರುವುದು ಇನ್ನೊಂದು. ಎರಡನೆಯದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದ ಲೇಖಕ ಪೀಟರ್ ಹೆಸ್ಲರ್. 1996ರಲ್ಲಿ 'ಪೀಸ್ ಕೋರ್' ಸ್ವಯಂಸೇವಕನಾಗಿ ಆತ ಯಾಂಗ್‌ಸಿ ನದಿಗೆ ವೂ ನದಿ ಬಂದು ಸೇರುವ ಫೂಲಿಂಗ್ ಎಂಬ ಊರಿಗೆ ಹೋದಾಗ ಆತನಿಗೆ 27 ವರ್ಷ. ಆ ಕಾಲದಲ್ಲಿ ಫೂಲಿಂಗಿಗೆ ರೈಲು ಇರಲಿಲ್ಲ. ಬೆಟ್ಟದ ಮೇಲಿನ ಊರಾದ್ದರಿಂದ ಮೆಟ್ಟಿಲುಗಳೇ ಬೀದಿಗಳು. ಅಲ್ಲಿನ ಶಿಕ್ಷಕರ ಕಾಲೇಜಿನಲ್ಲಿ, ಹೆಚ್ಚಾಗಿ ರೈತ ಮನೆತನಗಳಿಂದ ಬಂದ ವಿದ್ಯಾರ್ಥಿಗಳಿಗೆ, ಆತ ಎರಡು ವರ್ಷ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದ. ಹಗಲು ಷೇಕ್ಸ್‌ಪಿಯರನನ್ನು ಕಲಿಸಿದ ಅದೇ ವ್ಯಕ್ತಿ, ಉಳಿದ ಹೊತ್ತಿನಲ್ಲಿ ಚೀನೀ ಅಧ್ಯಾಪಕರ ಮುಂದೆ ಕುಳಿತು ಒಂದೊಂದು ಸ್ವರದ ಏರಿಳಿತಕ್ಕೂ ತಿದ್ದಿಸಿಕೊಂಡ.

ಈ ಏರಿಳಿತ ಸಣ್ಣ ವಿಷಯವಲ್ಲ. ಚೀನೀ ಭಾಷೆಯಲ್ಲಿ 'ಮಾಯ್' ಎಂಬ ಒಂದೇ ಉಚ್ಚಾರವನ್ನು ತಗ್ಗಿಸಿ ಎತ್ತಿದರೆ 'ಕೊಳ್ಳು', ಮೇಲಿಂದ ಥಟ್ಟನೆ ಇಳಿಸಿದರೆ 'ಮಾರು'. ಕನ್ನಡ ಕಲಿಯುವ ಹೊಸಬರು 'ಬೆಲೆ' ಮತ್ತು 'ಬೆಳೆ'ಗಳ ನಡುವೆ ಪಡುವ ಪಾಡನ್ನು ಬಲ್ಲವರಿಗೆ ಈ ಕಷ್ಟ ಊಹಿಸಲು ಸಾಧ್ಯ. ಪುಸ್ತಕದ ಪ್ರಮಾಣ ಭಾಷೆಯನ್ನು ಕಲಿತರೂ ಸಾಲದು. ಮಾರುಕಟ್ಟೆಯಲ್ಲಿ ಸಿಚುವಾನಿನ ಆಡುನುಡಿ ಬೇರೆಯೇ. ಆದರೂ ಹೆಸ್ಲರ್ ಕಲಿತ. ಆ ಕಲಿಕೆಯ ಫಲವೇ 2001ರಲ್ಲಿ ಪ್ರಕಟವಾದ 'ರಿವರ್ ಟೌನ್'. ಪಾಠದ ಕೋಣೆಯಷ್ಟೇ ಆತನ ಚೀನಾ ಆಗಿದ್ದರೆ ಆ ಪುಸ್ತಕ ಹುಟ್ಟುತ್ತಿರಲಿಲ್ಲ.

ಹೆಸ್ಲರನಿಗಿಂತ ಬಹಳ ಮೊದಲೇ ನಮ್ಮ ಕಡೆಯ ತರುಣನೊಬ್ಬ ಇದೇ ದಾರಿಯಲ್ಲಿ ನಡೆದಿದ್ದ. ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿ, ಮುಂಬಯಿಯಲ್ಲಿ ವೈದ್ಯಶಾಸ್ತ್ರ ಓದಿದ ಡಾ. ದ್ವಾರಕಾನಾಥ ಕೋಟ್ನೀಸ್ ಅವರು 1938ರಲ್ಲಿ ಐವರು ವೈದ್ಯರ ತಂಡದೊಡನೆ ಯುದ್ಧಗ್ರಸ್ತ ಚೀನಾಕ್ಕೆ ತೆರಳಿದರು. ಅವರನ್ನು ನಾವು ವೈದ್ಯರೆಂದಷ್ಟೇ ನೆನೆಯುತ್ತೇವೆ. ಆದರೆ ಅವರು ಅಧ್ಯಾಪಕರೂ ಆಗಿದ್ದರು. ಚೀನೀ ಭಾಷೆಯನ್ನು ಕಲಿತು, ಅದೇ ಭಾಷೆಯಲ್ಲಿ ಅಲ್ಲಿನ ವಿದ್ಯಾರ್ಥಿಗಳಿಗೆ ಶಸ್ತ್ರಚಿಕಿತ್ಸೆಯ ಪಾಠ ಹೇಳಿದರು. ಅಲ್ಲಿಯೇ ಗುವೊ ಚಿಂಗ್ಲಾನ್ ಅವರನ್ನು ವರಿಸಿದರು. ಹುಟ್ಟಿದ ಮಗನ ಹೆಸರು 'ಯಿನ್‌ಹ್ವಾ', ಅಂದರೆ ಭಾರತ ಮತ್ತು ಚೀನಾ. 1942ರ ಡಿಸೆಂಬರ್ 9ರಂದು, ಕೇವಲ 32ರ ಹರಯದಲ್ಲಿ, ಅಲ್ಲಿಯೇ ಮಣ್ಣಾದರು. ಇಂದಿಗೂ ಆ ದೇಶ ಅವರನ್ನು ತನ್ನವನೆಂದು ಸ್ಮರಿಸುತ್ತದೆ. ಅವರ ಪ್ರಾಣತ್ಯಾಗದ ಜೊತೆಗೆ, ತಮ್ಮ ಭಾಷೆಯಲ್ಲಿ ತಮ್ಮ ಮಕ್ಕಳಿಗೆ ಪಾಠ ಹೇಳಿದವರೆಂಬ ಕೃತಜ್ಞತೆಯೂ ಆ ಸ್ಮರಣೆಯಲ್ಲಿ ಬೆರೆತಿದೆಯೆಂದು ನಾವು ನಂಬುತ್ತೇವೆ.

ಇಂದಿನ ಸ್ಥಿತಿ ಬೇರೆ. 2001ರಿಂದ ಚೀನಾದಲ್ಲಿ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಪಾಠ ಆರಂಭವಾಯಿತು. ಖಾಸಗಿ ತರಬೇತಿ ಕೇಂದ್ರಗಳು ದೊಡ್ಡ ಉದ್ಯಮವಾಗಿ ಬೆಳೆದವು. ವಿದೇಶಿ ಮುಖವೇ ಅವುಗಳ ಜಾಹೀರಾತಾಯಿತು. ಇಂಗ್ಲಿಷ್ ಕಲಿಸುವ ಪರವಾನಗಿಗೆ ಸಾಮಾನ್ಯವಾಗಿ ಕೇಳುವುದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಗಳಂಥ ದೇಶಗಳ ಪಾಸ್‌ಪೋರ್ಟನ್ನು. ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಇಪ್ಪತ್ತು ವರ್ಷ ಪಾಠ ಹೇಳಿದ ಭಾರತೀಯ ಅಧ್ಯಾಪಕರಿಗಿಂತ, ಬೇರಾವುದೋ ವಿಷಯದಲ್ಲಿ ಪದವಿ ಪಡೆದು ಕಿರು ತರಬೇತಿಯೊಂದನ್ನು ಮುಗಿಸಿದ ತರುಣನಿಗೆ ಹಾದಿ ಸುಲಭ. ತನ್ನ ಮಕ್ಕಳಿಗೆ ಯಾರು ಕಲಿಸಬೇಕೆಂದು ನಿರ್ಧರಿಸುವ ಅಧಿಕಾರ ಯಾವ ದೇಶಕ್ಕಾದರೂ ಉಂಟು. ಅದನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಈ ಅಳತೆಗೋಲು ಸರಿಯಲ್ಲ. ಭಾಷೆಯನ್ನು ಕಷ್ಟಪಟ್ಟು ಕಲಿತವನಿಗೆ ಕಲಿಯುವವನು ಎಲ್ಲಿ ಮುಗ್ಗರಿಸುತ್ತಾನೆಂಬುದು ಗೊತ್ತಿರುತ್ತದೆ. ತೊಟ್ಟಿಲಲ್ಲಿಯೇ ಅದನ್ನು ಪಡೆದವನಿಗೆ ಆ ತಿಳಿವಳಿಕೆ ತಾನಾಗಿ ಬಾರದು. ಹೊಸ ಭಾಷೆಯೊಂದರ ಮುಂದೆ ತಾನೂ ಮುಗ್ಗರಿಸಿದಾಗ ಮಾತ್ರ ಅದು ಬರುತ್ತದೆ. ಹೆಸ್ಲರನಿಗೆ ಬಂದದ್ದು ಹಾಗೆಯೇ.

2021ರ ಜುಲೈನಲ್ಲಿ ಚೀನಾ ಸರ್ಕಾರ ಶಾಲಾ ವಿಷಯಗಳ ಲಾಭಕೋರ ಖಾಸಗಿ ಪಾಠಗಳನ್ನು ತಡೆಯಿತು. ವಿದೇಶದಲ್ಲಿಯೇ ಕುಳಿತು ಪಾಠ ಹೇಳುವ ಅಧ್ಯಾಪಕರ ನೇಮಕವನ್ನೂ ನಿಷೇಧಿಸಿತು. ಜಾಹೀರಾತಿನ ಮುಖವಾಗಿ ಬಂದವರ ನೆಲೆ ಬಹುಬೇಗ ಅಲುಗಿತು. ಆ ಮುಂಚೆ, 2020ರಲ್ಲಿ, ಅಮೆರಿಕವೂ ತನ್ನ ಪೀಸ್ ಕೋರ್ ಕಾರ್ಯಕ್ರಮವನ್ನು ಚೀನಾದಲ್ಲಿ ಕೊನೆಗೊಳಿಸಿತ್ತು. ಸರ್ಕಾರಗಳ ನಡುವಿನ ಬಾಗಿಲು ಹೀಗೆ ತೆರೆದು ಮುಚ್ಚುತ್ತಿರುತ್ತದೆ. ಒಳಗೆ ಇದ್ದಷ್ಟು ದಿನ ಏನನ್ನು ಕಲಿತರೋ ಅದೊಂದೇ ಅವರೊಡನೆ ಉಳಿಯುವುದು.

'ಒಂದೆರಡು ವರ್ಷಕ್ಕೆ ಬಂದವನು ಇಷ್ಟು ಕಷ್ಟದ ಭಾಷೆಯನ್ನು ಏಕೆ ಕಲಿಯಬೇಕು? ಈಗ ಫೋನೇ ಅನುವಾದಿಸಿ ಹೇಳುತ್ತದಲ್ಲ?' ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಸಾಮಾನು ಕೊಳ್ಳಲು, ದಾರಿ ಕೇಳಲು ಫೋನು ಸಾಕು. ಆದರೆ ನೆರೆಮನೆಯ ಅಜ್ಜಿ ಗೊಣಗಿದ್ದು, ಹುಡುಗರು ಹಿಂದಿನ ಬೆಂಚಿನಲ್ಲಿ ನಕ್ಕದ್ದು, ಸಹೋದ್ಯೋಗಿ ಮಾತು ನುಂಗಿಕೊಂಡದ್ದು ಅದರ ಹಿಡಿತಕ್ಕೆ ಸಿಗುವುದಿಲ್ಲ. ಒಂದೆರಡು ವರ್ಷದಲ್ಲಿ ಪಾಂಡಿತ್ಯ ಬಾರದು, ನಿಜ. ಬೇಕಾದದ್ದೂ ಪಾಂಡಿತ್ಯವಲ್ಲ, ನಿಮ್ಮ ಮಾತಿಗೆ ಬೆಲೆಯಿದೆ ಎಂದು ಆತಿಥೇಯರಿಗೆ ತೋರಿಸಿಕೊಡುವ ಪ್ರಯತ್ನ. ಗುರು ತಮ್ಮ ಭಾಷೆಯಲ್ಲಿ ತಡವರಿಸುವುದನ್ನು ಕಂಡ ವಿದ್ಯಾರ್ಥಿಗೆ, ಗುರುವಿನ ಭಾಷೆಯಲ್ಲಿ ತಾನು ತಡವರಿಸುವುದು ಅವಮಾನವೆನಿಸುವುದಿಲ್ಲ. ಯಾವ ಪಠ್ಯಪುಸ್ತಕವೂ ಕೊಡಲಾರದ ಧೈರ್ಯವದು.

ಈ ಮಾತನ್ನು ನಮ್ಮತ್ತ ತಿರುಗಿಸಿಕೊಳ್ಳುವುದು ಅಗತ್ಯ. ಕೇಂದ್ರ ಸರ್ಕಾರದ ನೌಕರರಾದ ನಮ್ಮಂಥವರನ್ನು ವರ್ಗಾವಣೆಯ ಆದೇಶವೊಂದು ಪುಣೆಯಿಂದ ಚೆನ್ನೈಗೆ, ಚೆನ್ನೈಯಿಂದ ಹೈದರಾಬಾದಿಗೆ ಸಾಗಿಸುತ್ತದೆ. ಕ್ವಾರ್ಟರ್ಸು, ಕಚೇರಿಯ ಹಿಂದಿ, ಇಂಗ್ಲಿಷು, ತಿಂಗಳಿಗೊಮ್ಮೆ ಕನ್ನಡ ಸಂಘ, ಇವಿಷ್ಟರಲ್ಲಿ ಮೂರು ನಾಲ್ಕು ವರ್ಷ ಕಳೆಯುವುದು ಕಷ್ಟವೇನಲ್ಲ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯುವುದಿಲ್ಲವೆಂದು ದೂರುವಾಗ ನಮ್ಮ ದನಿ ಏರುತ್ತದೆ. ಆ ದೂರು ನ್ಯಾಯವಾದದ್ದೇ. ಅದೇ ನ್ಯಾಯದಿಂದ ಮರಾಠಿ, ತಮಿಳು, ತೆಲುಗುಗಳೂ ನಮ್ಮಿಂದ ಒಂದಿಷ್ಟು ಶ್ರಮವನ್ನು ಅಪೇಕ್ಷಿಸುತ್ತವೆ. ಅದನ್ನು ಸಲ್ಲಿಸಿದವರ ದೂರಿಗೆ ತೂಕ ಹೆಚ್ಚು.

ನಮ್ಮ ಸಂಘಗಳು ಅನ್ಯಭಾಷಿಕರಿಗೆ ಕನ್ನಡ ಕಲಿಸುವ ತರಗತಿಗಳನ್ನು ನಡೆಸುವುದು ಸ್ತುತ್ಯ ಕಾರ್ಯ. ಅದೇ ಕೋಣೆಯಲ್ಲಿ, ವಾರದ ಇನ್ನೊಂದು ದಿನ, ಆಯಾ ಊರಿನ ಭಾಷೆಯನ್ನು ಕನ್ನಡಿಗರು ಕಲಿಯುವ ತರಗತಿಯೂ ನಡೆಯಬೇಕು. ಸಾಧ್ಯವಾದರೆ ಕನ್ನಡ ಕಲಿಯಲು ಬಂದವರೇ ಅದಕ್ಕೆ ಗುರುಗಳಾಗಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಕರಿಹಲಗೆ ಮತ್ತು ತಪ್ಪು ತಿದ್ದಿಸಿಕೊಳ್ಳುವ ಮನಸ್ಸು ಇದ್ದರೆ ಸಾಕು.